ಒಂದನೇ ವರ್ಷದ ಪುಸ್ತಕಗಳು

ಸೋಮವಾರ, ೩ ಜೂನ್ ೧೯೯೬. ಇಜ್ಮಿರ್

ಮಂಡಳಿ ಮಾತು ಕೊಟ್ಟದ್ದು: ನನ್ನ ಪುಸ್ತಕಗಳಿಗೆ ಹಾವ್ರಾ ಬೀದಿಯ ಮುಚ್ಚಿದ ಯೆಹೂದಿ ಸಭಾಮಂದಿರಕ್ಕೆ ಅಂಟಿಕೊಂಡ ಕೋಣೆ. ಗಾಜಿನ ಕಪಾಟು. ಬಾಗಿಲ ಮೇಲೆ ಹೆಸರಿನ ಹಲಗೆ. ವಾರಕ್ಕೆ ಎರಡು ದಿನ ಬಾಗಿಲು ತೆರೆದಿಡುವುದು, ಬೀದಿಯ ಮೀನು ಮಾರುವವನೂ ಒಳಗೆ ಬಂದು ನೋಡುವ ಹಾಗೆ.

ಕೊಟ್ಟದ್ದು: ಕೋಣೆ, ಕೀಲಿಕೈ, ಬಾಗಿಲು ಸರಿಯಾಗಿ ಮುಚ್ಚದ ಹಳೆಯ ಕಪಾಟು.

ಕೊಡದೆ ಹೋದದ್ದು: ಹಲಗೆ. ತೆರೆದ ಬಾಗಿಲು.

ಬರೆದಿಡುತ್ತೇನೆ. ಮೂವತ್ತು ವರ್ಷ ಕಾರ್ಮಿಕ ಸಂಘದಲ್ಲಿ ಕಲಿತದ್ದೇ ಇದು. ಮಾತು ತಪ್ಪಿದವರ ಮಾತನ್ನು ಆವತ್ತೇ ಬರೆದಿಡಬೇಕು. ನಾಳೆ ಅವರು ಹಾಗೆ ಅಂದೇ ಇಲ್ಲ ಅನ್ನುತ್ತಾರೆ.

ಇವತ್ತು ಮೊರ್ದೊ ನನ್ನನ್ನು ಕರೆಸಿ ಚಹಾ ಕುಡಿಸಿದ. ನಮ್ಮ ಯೆಹೂದಿ ಮಂಡಳಿಯ ಅಧ್ಯಕ್ಷ. ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂತು ನನ್ನ ಲೆಕ್ಕ ನೋಡಿ ಬರೆಯುತ್ತಿದ್ದವನು. ಅವನು ಚಹಾ ಕುಡಿಸಿದಾಗಲೇ ನನಗೆ ಅನುಮಾನ ಬಂತು.

“ಬೆಯಾ, ಕೋಪ ಮಾಡ್ಕೋಬೇಡ. ಪುಸ್ತಕ ಇರ್ಲಿ. ಹಲಗೆ ಬೇಡ. ಬಾಗಿಲು ತೆಗೆದಿಡೋದೂ ಬೇಡ.”

“ಹಾಗಾದ್ರೆ ಅದು ಗ್ರಂಥಾಲಯ ಅಲ್ಲ ಮೊರ್ದೊ, ಜೈಲು. ಜೈಲು ಹೇಗಿರುತ್ತೆ ಅಂತ ನಂಗೆ ನೀನು ಹೇಳ್ಕೊಡಬೇಕಾಗಿಲ್ಲ.”

“ಆ ಹೆಸರು ಬೀದೀಲಿ ಕಂಡ್ರೆ ಪೇಪರ್‌ನೋರು ಬರೀತಾರೆ. ನೋಡಿ, ಇವ್ರು ಇನ್ನೂ ಗುಟ್ಟಾಗಿ ಅವನನ್ನೇ ಪೂಜೆ ಮಾಡ್ತಾರೆ ಅಂತ. ಉಳಿದಿರೋದು ಒಂದು ಹಿಡಿ ಜನ. ಸುಮ್ನಿದ್ದಿದ್ರಿಂದ ಉಳಿದಿದೀವಿ.”

“ಸುಮ್ನಿದ್ದಿದ್ರಿಂದ್ಲೇ ಒಂದು ಹಿಡಿ ಆಗಿದೀವಿ.”

ಅವನು ಸಕ್ಕರೆ ಕಲಕುತ್ತಾ ಕೂತ. ನಾನು ಎದ್ದು ಬಂದೆ.

ಆ ಹೆಸರು ಸಬತಾಯಿಯದು. ಇದೇ ಊರಿನ ಕೋಳಿ ವ್ಯಾಪಾರಿಯ ಮಗ. ಮುನ್ನೂರ ಮೂವತ್ತು ವರ್ಷದ ಹಿಂದೆ ನೀವು ಕಾಯುತ್ತಿದ್ದ ಮೆಸ್ಸೀಯ ನಾನೇ, ಬಿಡುಗಡೆ ಬಂತು ಎಂದ. ಜನ ನಂಬಿದರು. ಅಂಗಡಿ ಮುಚ್ಚಿದರು, ಗಂಟು ಕಟ್ಟಿದರು, ಜೆರುಸಲೇಮಿಗೆ ಹೋಗುವ ಹಡಗಿಗೆ ಕಾದರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಅವನ ಪ್ರಾರ್ಥನೆಗಳ ಪುಟ್ಟ ಪುಸ್ತಕಗಳು ಅಚ್ಚಾದವು. ಮೊದಲ ಪುಟದಲ್ಲಿ ಕಿರೀಟ ಹಾಕಿ ಸಿಂಹಾಸನದ ಮೇಲೆ ಕೂತ ಅವನ ಚಿತ್ರ. ಸುಲ್ತಾನ ಹಿಡಿದು ಕೇಳಿದ: ತಲೆ ಬೇಕೋ, ಪೇಟ ಬೇಕೋ? ಪೇಟ ಸುತ್ತಿ ಮುಸಲ್ಮಾನನಾದ. ಆಮೇಲೆ ನಮ್ಮ ದೊಡ್ಡವರೆಲ್ಲ ಸೇರಿ ಆ ಪುಸ್ತಕಗಳನ್ನು ಸುಡಿ, ಚಿತ್ರ ಹರಿಯಿರಿ, ಹೆಸರೆತ್ತಬೇಡಿ ಎಂದರು.

ನಂಬಿದ ಬಡವರಿಗೆ ಏನಾಯಿತೆಂದು ಒಬ್ಬರೂ ಕೇಳಲಿಲ್ಲ. ನಾನು ಕೇಳುತ್ತೇನೆ. ನನಗೆ ದೇವರಿಲ್ಲ, ಹದಿನೆಂಟಕ್ಕೇ ಬಿಟ್ಟೆ. ಆದರೆ ನಂಬಿ ಬೀದಿಗಿಳಿದವರಿಗೆ ಆಮೇಲೆ ನಾಚಿಕೆಪಡಿ ಎಂದು ಹೇಳುವವರನ್ನು ನಾನು ಎಂಬತ್ತರ ಮಿಲಿಟರಿ ಕಾಲದಿಂದ ನೋಡುತ್ತಿದ್ದೇನೆ. ಅದಕ್ಕೇ ಈ ಪುಸ್ತಕಗಳನ್ನು ಹುಡುಕಿದ್ದು.

ಭಾನುವಾರ, ೯ ಜೂನ್

ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು ಏಳೂ ಪುಸ್ತಕಗಳ ಧೂಳು ತೆಗೆದೆ. ಅಂಗೈಯಗಲದವು. ಒಂದು ಎಡಿರ್ನೆಯ ಅಟ್ಟದಲ್ಲಿ ಸಿಕ್ಕಿತು, ಇನ್ನೊಂದು ಮಾನಿಸಾದ ಗುಜರಿಯವನ ಬಳಿ ಇಸ್ತ್ರಿಪೆಟ್ಟಿಗೆಯ ಕೆಳಗೆ. ಒಂದರ ರಟ್ಟಿಗೆ ಯಾರದೋ ಮದುವೆಯ ರೇಷ್ಮೆ ಹೊಲಿದಿದೆ. ಹನ್ನೊಂದು ವರ್ಷದ ಅಲೆದಾಟ. ಇಡೀ ದೇಶದಲ್ಲಿ ಬೇರೆ ಯಾರ ಬಳಿಯೂ ಇಷ್ಟಿರುವುದು ನನಗೆ ಗೊತ್ತಿಲ್ಲ. ಹೆಮ್ಮೆ ಇದೆ, ಅಡಗಿಸುವುದಿಲ್ಲ.

ಏಳರಲ್ಲೂ ಚಿತ್ರದ ಪುಟ ಇಲ್ಲ. ಒಂದರಲ್ಲಿ ಚಾಕುವಿನಿಂದ ನೀಟಾಗಿ ಕೊಯ್ದಿದ್ದಾರೆ, ಮನಸ್ಸು ಗಟ್ಟಿ ಇದ್ದವನ ಕೆಲಸ. ಒಂದರಲ್ಲಿ ಉಗುರಿನಿಂದ ಕಿತ್ತಿದ್ದಾರೆ, ಬುಡದಲ್ಲಿ ಸಿಂಹಾಸನದ ಒಂದು ಕಾಲು ಉಳಿದಿದೆ. ಹರಿದವನು ಅಳುತ್ತಿದ್ದನೇನೋ.

ವರ್ಷ ಹಾಕುವ ಕಡೆ ಮಾತ್ರ ಯಾರೂ ಕೈಯಿಟ್ಟಿಲ್ಲ. ಅಲ್ಲಿ ‘ಒಂದನೇ ವರ್ಷ’ ಎಂದಿದೆ. ಲೋಕದ ಲೆಕ್ಕ ಮತ್ತೆ ಮೊದಲಿನಿಂದ. ನಾನು ಅಚ್ಚುಮೊಳೆ ಜೋಡಿಸಿ ಹೊಟ್ಟೆ ಹೊರೆದವಳು. ಆ ಎರಡು ಪದ ಜೋಡಿಸಿದವನ ಬೆರಳು ಹೇಗಿದ್ದಿರಬೇಕು ಎಂದು ನನಗೆ ತಿಳಿಯುತ್ತದೆ. ಎರಡನೇ ವರ್ಷ ಎಲ್ಲೂ ಅಚ್ಚಾಗಲಿಲ್ಲ.

ಹೊರಗೆ ಬಾಗಿಲ ಬಳಿ ಜೋಯಾ ಇಣುಕಿದಳು. ಬೀದಿಯ ತುದಿಯಲ್ಲಿ ಗುಂಡಿ, ದಾರ ಮಾರುವವಳು. “ಏನೇ ಅದು, ಇಷ್ಟು ಚಿಕ್ಕದು? ಕೊಡೇ ನೋಡೋಣ” ಎಂದು ಕೈ ಚಾಚಿದಳು. ಬೆರಳಿಗೆ ತಿನ್ನುತ್ತಿದ್ದ ಬೊರೆಕಾ ಕಡುಬಿನ ಎಣ್ಣೆ. ಗದರಿ ಕಳಿಸಿದೆ. “ಅಯ್ಯೋ, ರಾಣಿ! ಮುಟ್ಟಬಾರದಂತೆ!” ಎಂದು ಬೀದಿಯುದ್ದಕ್ಕೂ ಹೇಳಿಕೊಂಡು ಹೋದಳು. ಹೋಗಲಿ. ಇಂಥವರ ಕೈಯಿಂದ ಉಳಿಸುವುದಕ್ಕೇ ಅಲ್ಲವೇ ಕಪಾಟು?

ಸೋಮವಾರ, ೧೦ ಜೂನ್

ಹಳೆ ಪುಸ್ತಕದಂಗಡಿ ಹಾಲಿಸ್ ಸಿಕ್ಕಿದ. ಜೈಲಿನ ಕಾಲದ ಗೆಳೆಯ, ನನ್ನನ್ನು ಅಕ್ಕ ಎಂದೇ ಕರೆಯುವವನು.

“ಅಬ್ಲಾ, ನೀನು ಚಿತ್ರ ಚಿತ್ರ ಅಂತ ಸಾಯ್ತಿದೀಯಲ್ಲ. ಕರತಾಶ್ ಕೇರಿಯ ಮುದುಕಿ ಹತ್ರ ಒಂದಿದೆಯಂತೆ. ಚಿತ್ರಾನೂ ಇದೆಯಂತೆ. ಹೆರಿಗೆ ಆಗೋವಾಗ ದಿಂಬಿನ ಕೆಳಗೆ ಇಡೋಕೆ ಮನೆಮನೆಗೂ ಕೊಡ್ತಾಳಂತೆ.”

“ದಿಂಬಿನ ಕೆಳಗಾ!”

“ಯಾಕೆ ಕಿರುಚ್ತೀಯ? ಮಕ್ಕಳಂತೂ ಹುಟ್ತಿವೆಯಂತೆ.”

ನಾಳೆಯೇ ಹೋಗುತ್ತೇನೆ. ಆ ಪುಸ್ತಕವನ್ನು ಬಿಡಿಸಿ ತರಬೇಕು.

ಮಂಗಳವಾರ, ೧೧ ಜೂನ್

ತಾಂತ್ ಬುಲಿಸಾ. ಎಂಬತ್ತೈದು ದಾಟಿದವರು, ಊರಿಗೆಲ್ಲ ಅತ್ತೆ. ಕರತಾಶ್‌ನ ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಏದುಸಿರು. ಒಳಗೆ ಆರು ಹೆಂಗಸರು. ಅದರಲ್ಲಿ ಜೋಯಾ ಕೂಡ, ನನ್ನ ನೋಡಿ ಬಾಯಿಗೆ ಕೈಯಿಟ್ಟು ನಗುತ್ತಾ.

ಸುತ್ತಿಬಳಸಲಿಲ್ಲ. ಪುಸ್ತಕ ಕೊಡಿ, ಕಪಾಟಿನಲ್ಲಿಡುತ್ತೇನೆ, ಹಾಳಾಗುವುದಿಲ್ಲ ಎಂದೆ.

“ಕಪಾಟಲ್ಲಿ ಅದೇನು ಮಾಡುತ್ತೆ ಮಗಳೇ?”

“ಸುರಕ್ಷಿತವಾಗಿರುತ್ತೆ ತಾಂತ್.”

“ನಾನು ಕೇಳಿದ್ದು ಅದಲ್ಲ. ಏನು ಮಾಡುತ್ತೆ?”

ಉತ್ತರ ಕೊಡುವ ಮೊದಲೇ ಇನ್ನೊಬ್ಬರ ಕಡೆ ತಿರುಗಿ ಚಹಾ ಬಗ್ಗಿಸಲು ಹೇಳಿದರು. ಆಮೇಲೆ ಹೇಳಿದರು: ಮಂಗಳವಾರ ಮಂಗಳವಾರ ಸಂಜೆ ನಾಲ್ಕಕ್ಕೆ ಇಲ್ಲಿ ಓದುತ್ತಾರೆ. ಓದುತ್ತಿದ್ದ ಕದುನ್ ಈ ಚಳಿಗಾಲದಲ್ಲಿ ತೀರಿಕೊಂಡಳು. ಹೀಬ್ರೂ ಅಕ್ಷರ ಬರುವವರು ಈಗ ಯಾರೂ ಇಲ್ಲ. ಪುಸ್ತಕ ಬಿಚ್ಚಿ ಸುಮ್ಮನೆ ಕೂರುತ್ತಾರೆ.

“ನಿಂಗೆ ಬರುತ್ತಂತಲ್ಲ. ಬಂದು ಓದು. ಆಮೇಲೆ ಕೊಡೋದು ಬಿಡೋದು ನೋಡೋಣ.”

“ನಂಗೆ ದೇವರ ಮೇಲೆ ನಂಬಿಕೆ ಇಲ್ಲ.”

“ಕದುನ್‌ಗೂ ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ. ನಡೀತಿತ್ತು.”

ಎಲ್ಲರೂ ನಕ್ಕರು. ಒಪ್ಪಿಕೊಂಡೆ. ತಂತ್ರ, ಅಷ್ಟೇ. ಕಾರ್ಖಾನೆಯ ಹೆಂಗಸರನ್ನು ಸಂಘಕ್ಕೆ ಸೇರಿಸುವಾಗಲೂ ಮೊದಲು ಅವರ ಜೊತೆ ಕೂತು ಬೀನ್ಸ್ ಬಿಡಿಸಿದ್ದೇನೆ.

ಮಂಗಳವಾರ, ೧೮ ಜೂನ್

ನೋಡಿದೆ.

ಕೈಗವಸು ಹಾಕಿಕೊಂಡು ತೆರೆದೆ. ಚಿತ್ರದ ಪುಟ ಇದೆ. ಹರಿದಿಲ್ಲ, ಕೊಯ್ದಿಲ್ಲ. ಕಿರೀಟ ಇದೆ, ಸಿಂಹಾಸನ ಇದೆ, ಸಿಂಹಗಳ ಬಾಯಿಯ ಹಲ್ಲೂ ಇದೆ. ಮುಖ ಇಲ್ಲ. ಮುಖದ ಜಾಗದಲ್ಲಿ ಕಾಗದ ತೆಳ್ಳಗಾಗಿ, ನುಣ್ಣಗಾಗಿ, ಬೆಳಕು ಆಚೆಯಿಂದ ಬರುತ್ತದೆ.

“ಯಾರು ಕೆರೆದದ್ದು ಇದನ್ನ?”

ಬುಲಿಸಾ ಪುಸ್ತಕ ತೆಗೆದುಕೊಂಡು ಆ ಜಾಗಕ್ಕೆ ಮುತ್ತಿಟ್ಟು ಪಕ್ಕದವಳಿಗೆ ಕೊಟ್ಟರು. ಅವಳು ಮುತ್ತಿಟ್ಟು ಅವಳ ಪಕ್ಕದವಳಿಗೆ. ಹೀಗೆ ಏಳು ಬಾಯಿ. ಮುನ್ನೂರು ವರ್ಷದಿಂದ.

ನನ್ನ ಹನ್ನೊಂದು ವರ್ಷದ ಹುಡುಕಾಟ ಇದಕ್ಕಾ? ಸಿಟ್ಟು ಬಂತು. ಅವರು ಕಾಯುತ್ತಿದ್ದರು. ಎರಡು ಪುಟ ಓದಿದೆ, ಜೋರಾಗಿ, ಭಾಷಣದ ಹಾಗೆ. ಅವರು ಪ್ರತಿ ಸಾಲಿಗೂ ದನಿಗೂಡಿಸಿದರು.

ಬುಲಿಸಾರ ಮೊಮ್ಮಗನ ಹೆಂಡತಿ ಲಿಜೆತ್ ತುಂಬು ಬಸುರಿ, ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದಳು. “ಅಕ್ಕಾ, ನಿಧಾನ. ಮಗು ಹೆದರಿ ಈಗ್ಲೇ ಬಂದ್ಬಿಟ್ಟೀತು” ಎಂದಳು.

ಮಂಗಳವಾರ, ೨೫ ಜೂನ್

ಓದಿದೆ. ಈ ಸಲ ಮೆಲ್ಲಗೆ. ಲಿಜೆತ್‌ಗೆ ನಿದ್ದೆ ಬಂತು. ಒಳ್ಳೆಯದಂತೆ.

ಮಂಗಳವಾರ, ೨ ಜುಲೈ

ಸೆಕೆ. ಕೈಗವಸು ಮನೆಯಲ್ಲೇ ಮರೆತೆ.

ಬುಧವಾರ, ೧೦ ಜುಲೈ

ಹೊಸ ನಿರಾಕರಣೆ.

ಮುಚ್ಚಿದ ಸಭಾಮಂದಿರಗಳಲ್ಲಿ ಬಿದ್ದಿರುವ ಹರಿದ ಪ್ರಾರ್ಥನಾ ಪುಸ್ತಕಗಳನ್ನು ಮಂಡಳಿ ಈ ತಿಂಗಳ ಇಪ್ಪತ್ತೆಂಟು, ಭಾನುವಾರ, ಸ್ಮಶಾನದಲ್ಲಿ ಹೂಳಲಿದೆ. ದೇವರ ಹೆಸರಿರುವ ಕಾಗದವನ್ನು ನಾವು ಎಸೆಯುವುದಿಲ್ಲ, ಸತ್ತವರ ಹಾಗೆ ಹೂಳುತ್ತೇವೆ. ಅದು ಸರಿ. ನನ್ನ ಏಳನ್ನೂ ಅದೇ ಪೆಟ್ಟಿಗೆಯಲ್ಲಿ ಹಾಕುತ್ತಾರಂತೆ.

ಮೊರ್ದೊನ ಕಚೇರಿಗೆ ನುಗ್ಗಿದೆ.

“ಅವು ಸತ್ತಿಲ್ಲ!”

“ಗೌರವವಾಗಿ ಮಾಡ್ತೀವಿ ಬೆಯಾ. ಪ್ರಾರ್ಥನೆ ಹೇಳಿ. ಬೀದಿಗೆ ಎಸೀತೀವಾ?”

“ಮುನ್ನೂರು ವರ್ಷದ ಹಿಂದೆ ಸುಟ್ರು, ಈಗ ಹೂಳ್ತೀರಿ. ಗೌರವ ಹೆಚ್ಚಾಗಿದೆ, ಒಪ್ಕೋತೀನಿ.”

“ನನ್ನ ಮೊಮ್ಮಕ್ಕಳು ಈ ಊರಲ್ಲೇ ಶಾಲೆಗೆ ಹೋಗ್ಬೇಕು” ಎಂದ. ದನಿಯಲ್ಲಿ ಸುಳ್ಳಿರಲಿಲ್ಲ. ಅವನ ಹೆದರಿಕೆ ನಿಜ, ನನಗೂ ಗೊತ್ತು. ಆದರೆ ಹೆದರಿಕೆಗೆ ಒಂದು ಪುಸ್ತಕ ತಿನ್ನಿಸಿದರೆ ನಾಳೆ ಅದು ಇನ್ನೊಂದು ಕೇಳುತ್ತದೆ.

ಇಪ್ಪತ್ತೈದನೇ ತಾರೀಖು, ಉಪವಾಸದ ದಿನ, ಪ್ರಾರ್ಥನೆ ಮುಗಿಸಿ ಕೀಲಿಕೈ ತೆಗೆದುಕೊಳ್ಳಲು ಬರುತ್ತಾನಂತೆ.

ಪುಸ್ತಕಗಳನ್ನು ಚೀಲಕ್ಕೆ ಹಾಕಿ ಮನೆಗೆ ಒಯ್ಯಬಹುದು, ಐದು ನಿಮಿಷದ ಕೆಲಸ. ಹಾಲಿಸ್ ಕೂಡ ಅದನ್ನೇ ಹೇಳಿದ. ಒಯ್ಯುವುದಿಲ್ಲ. ಹಾಸಿಗೆಯ ಕೆಳಗೆ, ಅಟ್ಟದ ಮೇಲೆ, ಇಸ್ತ್ರಿಪೆಟ್ಟಿಗೆಯ ಅಡಿಯಲ್ಲಿ ಬಚ್ಚಿಟ್ಟದ್ದು ಸಾಕು. ಮಾತು ಕೊಟ್ಟ ಕೋಣೆಯಲ್ಲೇ ಇರಬೇಕು.

ಧರಣಿ ಕೂರುತ್ತೇನೆ. ಒಬ್ಬಳೇ ಆದರೂ ಸರಿ.

ಮಂಗಳವಾರ, ೧೬ ಜುಲೈ

ಓದು ಮುಗಿದ ಮೇಲೆ ಹೇಳಿದೆ. ಧರಣಿ ಎಂದ ತಕ್ಷಣ ಹೆಂಗಸರು ಮುಖ ಮುಖ ನೋಡಿಕೊಂಡರು. ನಾನು ಭಾಷಣಕ್ಕೆ ಸಿದ್ಧವಾಗಿದ್ದೆ. ಹಕ್ಕು, ಹೋರಾಟ ಎಲ್ಲ ಬಾಯಿಗೆ ಬಂದಿತ್ತು.

“ಎಲ್ಲಿ ಕೂರ್ತೀಯ?” ಬುಲಿಸಾ ಕೇಳಿದರು.

“ಕೋಣೇಲಿ. ನೆಲದ ಮೇಲೆ.”

“ಆವತ್ತು ಎಲ್ರೂ ನೆಲದ ಮೇಲೇ ಕೂರೋದು ಮಗಳೇ. ದೇಗುಲ ಬಿದ್ದ ದಿನ. ನಿನ್ನ ಧರಣಿ ಯಾರಿಗೆ ಗೊತ್ತಾಗುತ್ತೆ?”

ಅರುವತ್ತೊಂದು ವಯಸ್ಸಿನಲ್ಲಿ ಇದು ನನಗೆ ಹೊಳೆದಿರಲಿಲ್ಲ. ನಮ್ಮ ಪಂಚಾಂಗದ ಆವ್ ತಿಂಗಳ ಒಂಬತ್ತು. ಜೆರುಸಲೇಮಿನ ದೇಗುಲಕ್ಕೆ ಅಳುತ್ತಾ ಕುರ್ಚಿ ಬಿಟ್ಟು ನೆಲದ ಮೇಲೆ ಕೂರುವ ದಿನ.

ಜೋಯಾ ಹೇಳಿದಳು: “ನಾವೂ ಬರ್ತೀವಿ ಬಿಡು. ಅಳೋದು ಇಲ್ಲಾದ್ರೇನು, ಅಲ್ಲಾದ್ರೇನು? ಆದ್ರೆ ರಾಣಿಯವರು ಮುಟ್ಟೋಕೆ ಬಿಡ್ತಾರಾ?”

“ಕೈ ತೊಳ್ಕೊಂಡು ಬಾ.”

“ತೊಳೀದೇ ಬಂದ್ರೆ?”

“ಬಾ, ನೋಡೋಣ.”

ಹೊರಡುವಾಗ ಬುಲಿಸಾ ಬಾದಾಮಿ ನೆನೆಹಾಕುವ ಮಾತಾಡಿದರು. ಅವರ ಮನೆಯಲ್ಲಿ ಆ ಉಪವಾಸದ ದಿನ ಮಧ್ಯಾಹ್ನ ದಾಟಿದ ಮೇಲೆ ಬಾದಾಮಿ ಮಿಠಾಯಿ ಹಂಚುತ್ತಾರೆ. ಉಪವಾಸದ ದಿನ ಮಿಠಾಯಿಯೇ ಎಂದು ಕೇಳಿದೆ.

“ಯಾರದೋ ಹುಟ್ಟಿದ ದಿನ. ನಮ್ಮತ್ತೆ ಹಂಚ್ತಿದ್ರು, ನಾನೂ ಹಂಚ್ತೀನಿ.”

ಯಾರದು ಎಂದು ನನಗೆ ಗೊತ್ತು. ಸಬತಾಯಿ ಹುಟ್ಟಿದ್ದು ಆ ದಿನ ಎನ್ನುತ್ತಾರೆ. ಅಳುವ ದಿನವನ್ನು ಅವನು ಹಬ್ಬ ಮಾಡಿದ. ಹೇಳಲು ಬಾಯಿ ತೆರೆದೆ. ಅವರು ಮಿಠಾಯಿಗೆ ಎಷ್ಟು ಸಕ್ಕರೆ ಎಂದು ಲಿಜೆತ್‌ಗೆ ಹೇಳುತ್ತಿದ್ದರು. ನಡುವೆ ಬಾಯಿ ಹಾಕಲಿಲ್ಲ.

ಗುರುವಾರ, ೨೫ ಜುಲೈ

ಎಲ್ಲ ಬರೆಯಬೇಕು, ಒಂದೂ ಬಿಡದೆ.

ಬೆಳಿಗ್ಗೆಯೇ ಕೋಣೆ ತೆರೆದು, ಬಾಗಿಲನ್ನು ಹಿಂದಕ್ಕೆ ತಳ್ಳಿ ಕಲ್ಲು ಇಟ್ಟೆ. ಕಪಾಟಿನಿಂದ ಏಳೂ ಪುಸ್ತಕ ತೆಗೆದು ನೆಲದ ಮೇಲೆ ಬಟ್ಟೆ ಹಾಸಿ ಜೋಡಿಸಿದೆ. ಗಡಿಬಿಡಿಯಲ್ಲಿ ಏನೂ ತಿಂದಿರಲಿಲ್ಲ, ನೀರೂ ಕುಡಿದಿರಲಿಲ್ಲ.

ಹತ್ತರ ಹೊತ್ತಿಗೆ ಹೆಂಗಸರು ಬಂದರು. ಬುಲಿಸಾರನ್ನು ಇಬ್ಬರು ಎತ್ತಿಕೊಂಡ ಹಾಗೆ ಕರೆತಂದರು. ಸುತ್ತ ಕೂತರು. ಓದಲು ಶುರುಮಾಡಿದೆ. ನನ್ನ ಕೈಯಲ್ಲಿ ಬುಲಿಸಾರ ಪುಸ್ತಕ. ಅವರ ಕೈ ಖಾಲಿ. ಖಾಲಿ ಕೈ ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ, ಸಭೆಯಲ್ಲಿ ಪ್ರತಿಯೊಬ್ಬರಿಗೂ ಕರಪತ್ರ ಕೊಟ್ಟೇ ಅಭ್ಯಾಸ. ಏಳನ್ನೂ ಹಂಚಿದೆ. ಜೋಯಾ ತಲೆಕೆಳಗಾಗಿ ಹಿಡಿದಿದ್ದಳು. ನೇರ ಮಾಡಿ ಕೊಟ್ಟೆ. ಮಡಿಲಲ್ಲಿಟ್ಟುಕೊಂಡು ಕೋಳಿಮರಿ ಹಿಡಿದ ಹಾಗೆ ಹಿಡಿದಳು.

ಮಧ್ಯಾಹ್ನ ದಾಟಿ ಮೊರ್ದೊ ಬಂದ. ಜೊತೆಗೆ ಮಂಡಳಿಯ ಇಬ್ಬರು, ಒಂದು ಮರದ ಪೆಟ್ಟಿಗೆ. ಬೀದಿಯ ಮೀನಿನವರು ಆಗಲೇ ಬಾಗಿಲಲ್ಲಿ ಗುಂಪು ಸೇರಿದ್ದರು.

“ಬೆಯಾ, ಏನಿದು?”

“ಮಾತು ಕೊಟ್ಟ ಕೋಣೆ. ತೆರೆದ ಬಾಗಿಲು. ಹಲಗೆ ಒಂದು ಬಾಕಿ.”

“ಗುಂಪು ಸೇರೋಕೆ ಪರವಾನಗಿ ಬೇಕು. ಪೊಲೀಸ್ ಬಂದು ಕೇಳಿದ್ರೆ ನಾನೇನು ಹೇಳ್ಲಿ?”

ನಾನು ಕಾಯಿದೆಯ ಪಾಠಕ್ಕೆ ಬಾಯಿ ತೆರೆದೆ. ಬುಲಿಸಾ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದರು.

“ಮೊರ್ದೊ, ಪ್ರಾರ್ಥನೆಗೆ ಎಷ್ಟು ಜನ ಬೇಕಪ್ಪಾ?”

“ಹತ್ತು ಗಂಡಸರು, ತಾಂತ್.”

“ಹೋದ ತಿಂಗಳು ಒಂಬತ್ತು ಜನ ಇದ್ರಿ. ನಾನು ಪರದೆ ಹಿಂದೆ ಇದ್ದೆ. ನನ್ನ ಎಣಿಸಿದ್ರಾ?”

“ಅದು ಪದ್ಧತಿ ತಾಂತ್…”

“ಎಣಿಸ್ಲಿಲ್ಲ. ಒಂಬತ್ತೇ ಅಂತ ಮನೆಗೆ ಕಳಿಸಿದ್ರಿ. ಈಗ ಈ ಕೋಣೇಲಿ ಎಷ್ಟು ಗಂಡಸರಿದಾರೆ, ಎಣಿಸು. ನೀವು ಮೂರು ಜನ. ಹಾಗಾದ್ರೆ ಗುಂಪು ಸೇರಿರೋದು ನೀವು. ಪರವಾನಗಿ ತೋರ್ಸು.”

ಬಾಗಿಲಲ್ಲಿದ್ದ ಮೀನಿನವನೊಬ್ಬ ಸಿಳ್ಳೆ ಹಾಕಿದ. ಮೊರ್ದೊನ ಜೊತೆ ಬಂದವನೊಬ್ಬ ಪೆಟ್ಟಿಗೆ ಕೆಳಗಿಟ್ಟು ಕೆಮ್ಮಿದ, ನಗು ನುಂಗಲು. ಮೂವತ್ತು ವರ್ಷ ಮೈಕಿನಲ್ಲಿ ಕೂಗಿದ್ದೇನೆ. ಇಷ್ಟು ಚೊಕ್ಕವಾಗಿ ಯಾರನ್ನೂ ಬಾಯಿ ಮುಚ್ಚಿಸಿದ್ದಿಲ್ಲ.

ಮೊರ್ದೊ ನಗಲಿಲ್ಲ. ಮುಖ ಬಿಳಿಚಿತ್ತು. ಬೆಳಗಿನಿಂದ ಹೊಟ್ಟೆಯಲ್ಲಿ ಏನೂ ಇಲ್ಲ, ಬಿಸಿಲಲ್ಲಿ ನಡೆದು ಬಂದಿದ್ದ. “ಕೀಲಿಕೈ ಕೊಡು” ಎಂದಷ್ಟೇ ಹೇಳಿ ಕೈ ಚಾಚಿದ.

ಬುಲಿಸಾ ಪಕ್ಕದಲ್ಲಿದ್ದ ತಗಡಿನ ಡಬ್ಬಿ ತೆರೆದರು. ಬಾದಾಮಿ, ಹೂವಿನ ನೀರಿನ ಪರಿಮಳ. ಬಿಳಿಯ ಮಿಠಾಯಿ ಒಂದನ್ನು ಆ ಚಾಚಿದ ಕೈಯಲ್ಲಿಟ್ಟು, ಮಗುವಿಗೆ ಹೇಳುವಂತೆ ಮೆತ್ತಗೆ ಅಂದರು:

“ಹುಟ್ಟಿದವನಿಗೆ ಸಿಹಿ.”

“ಬರುವವನಿಗೂ ಸಿಹಿ” ಎಂದ ಮೊರ್ದೊ. ಬಾಯಿಗೆ ಹಾಕಿಕೊಂಡ.

ಅವನು ಎರಡು ಸಲ ಅಗಿದ. ಆಮೇಲೆ ನಿಂತ. ಕೆನ್ನೆ ಉಬ್ಬಿದಂತೆಯೇ ನಿಂತುಬಿಟ್ಟ. ಮಂಡಳಿಯ ಅಧ್ಯಕ್ಷ, ವರ್ಷದ ಅತಿ ದೊಡ್ಡ ಶೋಕದ ಉಪವಾಸ, ಹೊರಗೆ ಉರಿಬಿಸಿಲು.

“ಸೂರ್ಯ ಇನ್ನೂ ಮುಳುಗಿಲ್ಲ ಮೊರ್ದೊ” ಎಂದೆ. ಗೇಲಿ ಮಾಡಲು ಹೊರಟದ್ದು. ದನಿ ಹಾಗೆ ಬರಲಿಲ್ಲ.

ಉಗುಳಲೂ ಆಗದೆ, ನುಂಗಲೂ ಆಗದೆ ನಿಂತ. ಕೊನೆಗೆ ನುಂಗಿದ. ಮೆಲ್ಲಗೆ ನನ್ನ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತ.

“ಅಜ್ಜಿ ಇದೇ ಮಾತು ಹೇಳಿಸಿ ಕೊಡ್ತಿದ್ಲು. ಅಡಿಗೆಮನೇಲಿ, ಬಾಗಿಲು ಹಾಕ್ಕೊಂಡು. ನಾನು ಅದನ್ನ… ಅದು ಎಲ್ರ ಮನೇಲೂ ಇರುತ್ತೆ ಅನ್ಕೊಂಡಿದ್ದೆ.”

“ಅವಳ ಮಿಠಾಯಿ ನಂದಕ್ಕಿಂತ ಚೆನ್ನಾಗಿರ್ತಿತ್ತು” ಎಂದರು ಬುಲಿಸಾ.

“ಯಾರ ಹುಟ್ಟಿದ ದಿನ ಅಂತ ನಿಮಗೆ ಗೊತ್ತಿತ್ತಾ ತಾಂತ್?” ನಾನು ಕೇಳಿದೆ.

“ಅವನ ಮುಖಕ್ಕೆ ಎಪ್ಪತ್ತು ವರ್ಷದಿಂದ ಮುತ್ತಿಡ್ತಿದೀನಿ. ಗೊತ್ತಿಲ್ದೆ ಇಡ್ತೀನಾ?”

ಆ ಪುಸ್ತಕ ಮೊರ್ದೊನ ಕಡೆ ಚಾಚಿದೆ, ಚಿತ್ರದ ಪುಟ ತೆರೆದು. ಮುತ್ತಿಡಲಿಲ್ಲ. ಆದರೆ ಆ ತೆಳ್ಳಗಾದ ಜಾಗವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

ಎದ್ದಾಗ ಹೇಳಿದ್ದು, ಅವನದೇ ಮಾತಿನಲ್ಲಿ: “ಭಾನುವಾರ ಪೆಟ್ಟಿಗೆ ಹೋಗುತ್ತೆ. ಇವು ಅದ್ರಲ್ಲಿ ಇರಲ್ಲ. ಹಲಗೆ ವಿಷಯ ಮಂಡಳಿ ಮುಂದೆ ಇಡ್ತೀನಿ. ಮಾತು ಕೊಡಲ್ಲ.”

“ಬೇಡ. ಈ ಸಲ ಹಲಗೇನೇ ಕೊಡು.”

ನಕ್ಕ. ಹಿಂದಿನ ಬೆಂಚಿನಲ್ಲಿ ಕೂತ ಹುಡುಗನ ನಗು. ಪೆಟ್ಟಿಗೆ ಖಾಲಿಯಾಗಿಯೇ ವಾಪಸು ಹೋಯಿತು.

ಉಳಿದ ಮಿಠಾಯಿಯನ್ನು ಮೀನಿನವರಿಗೂ ಹಂಚಿದರು. ಪುಸ್ತಕಗಳ ನಡುವೆ ಪುಡಿ ಬಿದ್ದಿತ್ತು. ಕೈಯಿಂದ ಕೊಡವಿದೆ. ನನ್ನ ಪಾಲಿನದನ್ನು ಸೂರ್ಯ ಮುಳುಗಿದ ಮೇಲೆ ತಿಂದೆ, ಮೊದಲು ನೆನಪಾಗಲಿಲ್ಲ.

ಭಾನುವಾರ, ೨೮ ಜುಲೈ

ಸ್ಮಶಾನಕ್ಕೆ ಹೋಗಿದ್ದೆ. ಹರಿದ ಪುಸ್ತಕಗಳನ್ನು ಹೂಳಿದರು, ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಹೂಳಬೇಕಾದವನ್ನು ಹೂಳಬೇಕು. ಅದಕ್ಕೆ ನನ್ನ ತಕರಾರಿಲ್ಲ.

ಬುಧವಾರ, ೩೧ ಜುಲೈ

ಲಿಜೆತ್‌ಗೆ ನೋವು ಶುರುವಾಗಿ ಮೊನ್ನೆ ಆಸ್ಪತ್ರೆಗೆ ಹೋದಳು, ಬುಲಿಸಾರ ಪುಸ್ತಕ ಅವಳ ದಿಂಬಿನ ಕೆಳಗೆ ಹೋಯಿತು. ನಿನ್ನೆ ಹೆಣ್ಣುಮಗು. ಅಳು ಮೂರನೇ ಮಹಡಿಯಿಂದ ಕೆಳಗಿನ ಬಾಗಿಲವರೆಗೆ ಕೇಳುತ್ತಿತ್ತಂತೆ. ಸಂಘಕ್ಕೆ ಬೇಕು ಇಂಥ ಗಂಟಲು.

ಇವತ್ತು ಕೋಣೆಗೆ ಜೋಯಾ ಓಡಿ ಬಂದಳು. ಅವಳ ತಂಗಿಯ ಮಗಳಿಗೆ ಕೊಲ್ಲಿಯಾಚೆಯ ಕರ್ಶಿಯಾಕಾದಲ್ಲಿ ಹೆರಿಗೆ ನೋವು, ದಿನ ತುಂಬುವ ಮೊದಲೇ. ತಾಂತ್‌ನ ಪುಸ್ತಕ ಇನ್ನೂ ಲಿಜೆತ್ ಹತ್ತಿರ.

“ನಿನ್ನದ್ರಲ್ಲಿ ಒಂದು… ಬೇಡ ಬಿಡು. ಚಿತ್ರ ಇಲ್ಲ. ನೀನೂ ಕೊಡಲ್ಲ.”

ಉಗುರಿನಿಂದ ಕಿತ್ತ ಪುಸ್ತಕ ತೆಗೆದೆ, ಸಿಂಹಾಸನದ ಒಂದು ಕಾಲು ಉಳಿದಿರುವುದು. ಅವಳ ಕೈಗಿಟ್ಟೆ.

“ಇಷ್ಟು ಸಾಕು. ಹಡಗು ತಪ್ಪಿಸ್ಕೋಬೇಡ, ಓಡು. ಮಂಗಳವಾರ ವಾಪಸ್ ತಾ.”

“ಕೈ ತೊಳೆದಿಲ್ಲ ಕಣೇ!”

“ಓಡೇ!”

ಕೈಗವಸು ಈಗ ಬುಲಿಸಾರ ಮನೆಯಲ್ಲಿದೆ. ಬೆಳ್ಳಿ ದೀಪ ಉಜ್ಜುತ್ತಾರೆ, ಚೆನ್ನಾಗಿ ಹೊಳೆಯುತ್ತದಂತೆ. ಕಪಾಟಿನಲ್ಲಿ ಆರು ಉಳಿದಿವೆ. ತುಂಬಿದಂತೆಯೇ ಕಾಣುತ್ತದೆ.

ಸಂಜೆ ಮೊರ್ದೊ ಫೋನ್ ಮಾಡಿದ. ಹಲಗೆಯ ವಿಷಯಕ್ಕೆ ಮಂಡಳಿ ಮಂಗಳವಾರ ನಾಲ್ಕಕ್ಕೆ ಕಚೇರಿಯಲ್ಲಿ ಸೇರುತ್ತದೆ, ಬಂದು ಮಾತಾಡು ಎಂದ. ನಾಲ್ಕಕ್ಕೆ ನಮ್ಮ ಓದು, ಅದು ತಪ್ಪುವುದಿಲ್ಲ, ಇನ್ನು ಮೇಲೆ ಓದು ಕೋಣೆಯಲ್ಲೇ, ಮಂಡಳಿಯೇ ಬರಲಿ ಎಂದೆ. ಕುರ್ಚಿ ಇದೆಯೇ ಎಂದು ಕೇಳಿದ. ಇಲ್ಲ ಎಂದೆ. ಆಗಲಿ ಎಂದ.

ಮಂಗಳವಾರ, ೬ ಆಗಸ್ಟ್, ಸಂಜೆ ನಾಲ್ಕು ಗಂಟೆ. ಹಾವ್ರಾ ಬೀದಿ, ಬಾಗಿಲು ತೆರೆದಿರುವ ಕೋಣೆ.